ಬೊಗಸೆಯ ನಾದ: ಹುಟ್ಟಿದ್ದೋ, ತೋರಿದ್ದೋ

ಹಾರ್ಮೋನಿಕಾ ಅಥವಾ ಮೌತ್ ಆರ್ಗನ್ ನುಡಿಸುವವರ ಕೈಗಳಿಗೆ ವಾದ್ಯವನ್ನು ಹಿಡಿದುಕೊಳ್ಳುವುದಷ್ಟೇ ಕೆಲಸವಲ್ಲ. ವಾದ್ಯದ ಹಿಂಬದಿಯಲ್ಲಿ ಅವು ಒಂದು ಬೊಗಸೆ ಕಟ್ಟುತ್ತವೆ. ಬೊಗಸೆ ಮುಚ್ಚಿದಾಗ ಸ್ವರ ತಗ್ಗಿ, ಮಂಕಾಗಿ, ಎಲ್ಲಿಂದಲೋ ಒಳಗಿನಿಂದ ಬಂದಂತೆ ಕೇಳುತ್ತದೆ. ತೆರೆದಾಗ ಬೆಳಗಿ ಮುಂದಕ್ಕೆ ಬರುತ್ತದೆ. ಉಸಿರು ಅದೇ, ರೀಡ್ ಅದೇ, ಸ್ವರಸ್ಥಾನವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ವಾದ್ಯದಾಚೆಗಿನ ಒಂದು ಹಿಡಿ ಖಾಲಿ ಜಾಗ ಮಾತ್ರ. ಹಾಗಾದರೆ ಆ ಹೊಸ ನಾದವನ್ನು ಕೈ ಹುಟ್ಟಿಸಿತೋ, ಮೊದಲೇ ಇದ್ದದ್ದನ್ನು ತೋರಿಸಿತೋ? ಶಬ್ದದ ವಿಚಾರವಾಗಿ ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ನಡೆಸಿದ ವಾದದ ನಟ್ಟನಡುವೆ ಇದ್ದ ಪ್ರಶ್ನೆಯೂ ಇದೇ: ಶಬ್ದದ್ದು ಉತ್ಪತ್ತಿಯೋ, ಅಭಿವ್ಯಕ್ತಿಯೋ? ಅವರ ಮುಂದೆ ಇದ್ದದ್ದು ವೇದಾಕ್ಷರ, ಈ ವಾದ್ಯವಲ್ಲ. ಆದರೂ ಅವರ ತರ್ಕವನ್ನು ಕಿವಿಯಿಂದಲೇ ಒರೆಗೆ ಹಚ್ಚಿ ನೋಡಲು ಇಷ್ಟು ಸರಳವಾದ, ಇಷ್ಟು ಪಾರದರ್ಶಕವಾದ ಉದಾಹರಣೆ ಸಿಗುವುದು ಅಪರೂಪ.

ಬ್ಲೂಸ್ ಸಂಗೀತದಲ್ಲಿ ಬಳಕೆಯಾಗುವ ಸಾಮಾನ್ಯ ಹಾರ್ಮೋನಿಕಾಕ್ಕೆ 10 ರಂಧ್ರ, 20 ರೀಡ್. ಪ್ರತಿ ರಂಧ್ರದಲ್ಲಿ ಊದಿದಾಗ ಒಂದು ರೀಡ್, ಉಸಿರೆಳೆದಾಗ ಇನ್ನೊಂದು ನುಡಿಯುತ್ತದೆ. ರೀಡ್ ಎಂದರೆ ಒಂದು ತುದಿ ಮಾತ್ರ ಬಿಗಿದ ತೆಳು ಲೋಹದ ಪಟ್ಟಿ. ಗಾಳಿಯ ಒತ್ತಡಕ್ಕೆ ಅದು ತನ್ನ ಸೀಳಿನೊಳಗೆ ಹೋಗಿ ಬಂದು ಮಾಡುತ್ತದೆ, ಯಾವುದಕ್ಕೂ ಬಡಿಯುವುದಿಲ್ಲ. ಇದೇ ತತ್ತ್ವದ ಶೆಂಗ್ ವಾದ್ಯ ಚೀನಾದಲ್ಲಿ ಬಹು ಪ್ರಾಚೀನ ಕಾಲದಿಂದ ಇದೆ. ಹಾರ್ಮೋನಿಕಾ ರೂಪುಗೊಂಡದ್ದು 19ನೇ ಶತಮಾನದ ಯುರೋಪಿನಲ್ಲಿ. ಜರ್ಮನಿಯ ಟ್ರೊಸಿಂಗನ್ ಊರಿನಲ್ಲಿ ಮತ್ತಿಯಾಸ್ ಹೋನರ್ ತಯಾರಿಕೆ ಶುರುಮಾಡಿದ್ದು 1857ರಲ್ಲಿ. ಅಲ್ಲಿಂದ ಅದು ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಹೋಗಿ, ಕರಿಯರ ಕೈ ಸೇರಿ, ಮಾತಾಡಲು ಕಲಿಯಿತು.

ರೀಡಿನ ವಿಚಾರದಲ್ಲಿ ಗಮನಿಸಬೇಕಾದದ್ದೊಂದಿದೆ. ರೀಡ್ ತಂತಿಯಂತೆ ತಾನೇ ಮಿಡಿದು ಕೇಳಿಸುವುದಲ್ಲ. ಹರಿಯುತ್ತಿರುವ ಗಾಳಿಯನ್ನು ಅದು ತುಂಡು ತುಂಡಾಗಿ ಕತ್ತರಿಸುತ್ತದೆ, ಆ ತುಂಡುಗಳ ಮಿಡಿತವೇ ಸ್ವರ. ಕತ್ತರಿಸುವಿಕೆ ಥಟ್ಟನೆ ಆಗುವುದರಿಂದ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ ಹೇರಳವಾಗಿ ಏಳುತ್ತವೆ. ಸಿ ಶ್ರುತಿಯ ಹಾರ್ಮೋನಿಕಾದ ಎರಡನೇ ರಂಧ್ರದಲ್ಲಿ ಉಸಿರೆಳೆದರೆ ಬರುವ ಸ್ವರ ಸೆಕೆಂಡಿಗೆ ಸುಮಾರು 392 ಕಂಪನಗಳದ್ದು. ಅದರ ಬೆನ್ನಿಗೆ 784, 1176, 1568 ಹೀಗೆ ಮೇಲುಸ್ವರಗಳ ಸಾಲೇ ಇರುತ್ತದೆ. ಕೈ ಅಡ್ಡ ಇಲ್ಲದ ಹಾರ್ಮೋನಿಕಾ ಕಿವಿಗೆ ತುಸು ತೀಕ್ಷ್ಣವಾಗಿ, ತೆಳುವಾಗಿ ಕೇಳುವುದು ಈ ಸಾಲು ಹಾಗೆಹಾಗೇ ಹೊರಬೀಳುವುದರಿಂದ.

ಬೊಗಸೆ ಕಟ್ಟುವ ಕ್ರಮ ಹೀಗೆ. ತಗ್ಗುಸ್ವರದ ಒಂದನೇ ರಂಧ್ರ ಎಡಕ್ಕೆ ಬರುವಂತೆ ವಾದ್ಯವನ್ನು ಎಡಗೈಯ ತೋರುಬೆರಳು ಮತ್ತು ಹೆಬ್ಬೆರಳ ನಡುವಿನ ಸಂದಿಗೆ ಆಳವಾಗಿ ಕೂರಿಸಬೇಕು. ತೋರುಬೆರಳು ಮೇಲೆ, ಹೆಬ್ಬೆರಳು ಕೆಳಗೆ. ಉಳಿದ ಮೂರು ಬೆರಳುಗಳು ನಡುವೆ ಸಂದು ಬಿಡದೆ ಒತ್ತಾಗಿ ಕೂಡಿರಬೇಕು. ಬಲ ಅಂಗೈಯ ಬುಡ ಎಡ ಅಂಗೈಯ ಬುಡಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ, ಬಲಗೈ ಬೆರಳುಗಳು ಎಡಗೈಯ ಕಿರುಬೆರಳಿನ ಅಂಚನ್ನು ಸುತ್ತಿ ಮುಚ್ಚುತ್ತವೆ. ತೆರೆಯುವಾಗ ಬುಡಗಳು ಬೇರೆಯಾಗುವುದಿಲ್ಲ. ಬಲಗೈ ಮಾತ್ರ ಕದದಂತೆ ತಿರುಗುತ್ತದೆ. ಗಾಳಿ ಸೋರುವ ಜಾಗಗಳು ಸಾಮಾನ್ಯವಾಗಿ ಮೂರು: ಎಡ ಹೆಬ್ಬೆರಳ ಬುಡ, ಕಿರುಬೆರಳ ಪಕ್ಕ, ಕೆನ್ನೆಗೆ ತಾಗುವ ಅಂಚು. ಇವುಗಳಲ್ಲಿ ಒಂದು ಸೋರಿದರೂ ಶ್ರಮವೆಲ್ಲ ವ್ಯರ್ಥ. ಬೊಗಸೆಯ ಬಾಯಿ ಪೂರ್ತಿ ಮುಚ್ಚಿರುವಾಗ ಒಂದು ಸಣ್ಣ ಬಿರುಕು ತೆರೆದರೆ ನಾದ ಗುರುತು ಸಿಗದಷ್ಟು ಬದಲಾಗುತ್ತದೆ. ಅರ್ಧ ತೆರೆದದ್ದನ್ನು ಪೂರ್ತಿ ತೆರೆದರೆ ಕಿವಿಗೆ ಬಹಳ ವ್ಯತ್ಯಾಸವೇ ತಿಳಿಯುವುದಿಲ್ಲ. ಹೊಸದಾಗಿ ಕಲಿಯುವವರು ಸೋರುವ ಬೊಗಸೆಯ ಮುಂದೆ ಬಲಗೈಯನ್ನು ಜೋರಾಗಿ ಬೀಸುತ್ತಾರೆ. ನುರಿತವರ ಕೈ ಕಂಡೂ ಕಾಣದಷ್ಟು ಅಲುಗುತ್ತದೆ. ಕಲೆ ಇರುವುದು ಮುಚ್ಚುವಿಕೆಯ ಬಿಗಿಯಲ್ಲಿ ಎಂದು ಇದರಿಂದ ತಿಳಿಯುತ್ತದೆ.

ಒಳಗೆ ನಡೆಯುವುದನ್ನು 19ನೇ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ತತ್ತ್ವದಿಂದ ಅರಿಯಬಹುದು. ಕಿರಿದಾದ ಬಾಯಿಯುಳ್ಳ ಯಾವುದೇ ಟೊಳ್ಳಿಗೂ ತನ್ನದೇ ಒಂದು ಕಂಪನವಿರುತ್ತದೆ. ಟೊಳ್ಳು ದೊಡ್ಡದಾದಷ್ಟೂ ಅದು ತಗ್ಗುತ್ತದೆ, ಬಾಯಿ ಅಗಲವಾದಷ್ಟೂ ಏರುತ್ತದೆ. ಹೊರಗಿನಿಂದ ಬಂದ ಶಬ್ದದಲ್ಲಿ ತನಗೆ ಹೊಂದುವ ಭಾಗವನ್ನು ಟೊಳ್ಳು ಎತ್ತಿಹಿಡಿದು, ಉಳಿದದ್ದನ್ನು ಅದುಮುತ್ತದೆ. ಬೊಗಸೆ ಮುಚ್ಚಿದಾಗ ತಗ್ಗಿನ ಕಂಪನಗಳು ಉಳಿದು ಮೇಲುಸ್ವರಗಳು ಕುಗ್ಗುವುದು, ತೆರೆಯುತ್ತ ಹೋದಂತೆ ಒಂದೊಂದಾಗಿ ಮೇಲಿನವು ಬೆಳಕಿಗೆ ಬರುವುದು ಹೀಗೆ. ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ಮನುಷ್ಯನ ಸ್ವರಾಕ್ಷರಗಳನ್ನೂ ಇದೇ ದಾರಿಯಲ್ಲಿ ಬಿಡಿಸಿದ. ಒಂದೇ ಶ್ರುತಿಯಲ್ಲಿ ಹಾಡಿದರೂ ‘ಊ’ ಬೇರೆ, ‘ಆ’ ಬೇರೆ ಎಂದು ಕೇಳುವುದು ಬಾಯಿಯ ಟೊಳ್ಳು ಯಾವ ಮೇಲುಸ್ವರಗಳನ್ನು ಎತ್ತಿಕೊಡುತ್ತದೆ ಎಂಬುದರಿಂದ. ಮುಚ್ಚಿದ ಬೊಗಸೆ ‘ಊ’, ತೆರೆದದ್ದು ‘ಆ’, ಒಂದರಿಂದ ಇನ್ನೊಂದಕ್ಕೆ ಸಾಗಿದರೆ ‘ವಾ’. ಅಂದರೆ ಹಾರ್ಮೋನಿಕಾ ವಾದಕ ಮುಖದಾಚೆಗೆ ಎರಡನೆಯ ಬಾಯಿಯೊಂದನ್ನು ಕಟ್ಟಿಕೊಂಡಿರುತ್ತಾನೆ.

ಇನ್ನು ವಾದಕ್ಕೆ ಬರಬಹುದು. ಮೀಮಾಂಸೆಗೆ ಶಬ್ದದ ನಿತ್ಯತ್ವ ಬರಿಯ ಕುತೂಹಲದ ವಿಷಯವಾಗಿರಲಿಲ್ಲ, ಅದರ ಧರ್ಮಜಿಜ್ಞಾಸೆಯ ಬುನಾದಿಯೇ ಅಲ್ಲಿತ್ತು. ವೇದವನ್ನು ಯಾರೂ ರಚಿಸಿಲ್ಲ ಎನ್ನಬೇಕಾದರೆ ಅದರ ಅಕ್ಷರಗಳು ಉಚ್ಚರಿಸಿದಾಗ ಹುಟ್ಟಿ ಮರುಕ್ಷಣ ಅಳಿಯುವಂಥವು ಆಗಕೂಡದು. ಹಾಗಾಗಿ ಜೈಮಿನಿಯ ಸೂತ್ರಗಳೂ ಶಬರನ ಭಾಷ್ಯವೂ ವರ್ಣ ನಿತ್ಯ, ವಿಭು ಎಂದವು. ನಾಲಿಗೆ, ಗಂಟಲುಗಳಿಂದ ಹೊರಟ ವಾಯು ಅದನ್ನು ವ್ಯಕ್ತಪಡಿಸುತ್ತದೆ ಅಷ್ಟೆ. ನ್ಯಾಯಸೂತ್ರಗಳು ಇದನ್ನು ಒಪ್ಪಲಿಲ್ಲ. ಶಬ್ದಕ್ಕೆ ಆದಿಯಿದೆ, ಅದು ಇಂದ್ರಿಯಕ್ಕೆ ಗೋಚರ, ಜನ ಅದನ್ನು ಕಾರ್ಯವೆಂದೇ ವ್ಯವಹರಿಸುತ್ತಾರೆ; ಆದ್ದರಿಂದ ಅದು ಅನಿತ್ಯ. ಉಡುಪಿಯ ಮಧ್ವ ಪರಂಪರೆ ಮುಂದೆ ಈ ವಾದದಲ್ಲಿ ಮೀಮಾಂಸಕರ ಪಕ್ಕ ನಿಂತು ವರ್ಣಗಳನ್ನು ನಿತ್ಯದ್ರವ್ಯವಾಗಿಯೇ ಎಣಿಸಿತು.

ನೈಯಾಯಿಕರ ಒಂದು ಆಕ್ಷೇಪ ಬಹಳ ಹರಿತವಾದದ್ದು. ಕತ್ತಲ ಕೋಣೆಗೆ ದೀಪ ತಂದರೆ ಅದು ಗಡಿಗೆಯೊಂದನ್ನೇ ಆರಿಸಿ ತೋರಿಸುವುದಿಲ್ಲ, ಕೋಣೆಯಲ್ಲಿ ಇರುವುದೆಲ್ಲ ಒಟ್ಟಿಗೇ ಕಾಣುತ್ತದೆ. ವರ್ಣಗಳೆಲ್ಲ ಎಲ್ಲೆಡೆಯೂ ಸದಾ ಇರುವುದಾದರೆ, ವಾಯು ಒಂದನ್ನು ವ್ಯಕ್ತಪಡಿಸುವಾಗ ಎಲ್ಲವೂ ಒಮ್ಮೆಗೇ ಕೇಳಿಬಿಡಬೇಕಲ್ಲವೇ? ಒಂದೊಂದು ವರ್ಣಕ್ಕೂ ಅದರದೇ ವ್ಯಂಜಕವಿದೆ ಎಂಬುದು ಮೀಮಾಂಸಕರ ಉತ್ತರ. ಬರಿಯ ತರ್ಕದಲ್ಲಿ ಇದು ತಪ್ಪಿಸಿಕೊಳ್ಳುವ ಮಾತಿನಂತೆ ತೋರುತ್ತದೆ. ಬೊಗಸೆಯ ಮುಂದೆ ಇಟ್ಟರೆ ಅದರ ಬಲ ಗೊತ್ತಾಗುತ್ತದೆ. ಇಲ್ಲಿ ಮೇಲುಸ್ವರಗಳೆಲ್ಲ ಒಟ್ಟಿಗೇ ಇವೆ, ಆದರೂ ಬೊಗಸೆಯ ಒಂದೊಂದು ಆಕಾರ ಒಂದೊಂದು ಗುಂಪನ್ನು ಮಾತ್ರ ಮುಂದೆ ತರುತ್ತದೆ. ಆಯ್ದು ತೋರಿಸುವ ವ್ಯಂಜಕ ಇರಲು ಸಾಧ್ಯ ಎಂಬುದಕ್ಕೆ ಎರಡು ಅಂಗೈಗಳೇ ಸಾಕ್ಷಿ.

ಕೈ ಹುಟ್ಟಿಸುವುದಿಲ್ಲ ಎಂಬುದನ್ನು ಇನ್ನೊಂದು ರೀತಿಯಲ್ಲೂ ಪರೀಕ್ಷಿಸಬಹುದು. ಶಾಲೆಯ ಪ್ರಯೋಗಶಾಲೆಯಲ್ಲಿರುವ ಶ್ರುತಿಕವೆಯ ನಾದದಲ್ಲಿ ಮೇಲುಸ್ವರಗಳು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಬೊಗಸೆಯೊಳಗೆ ಹಿಡಿದು ಎಷ್ಟೇ ಮುಚ್ಚಿ ತೆರೆದರೂ ನಾದ ಸಣ್ಣದಾಗುತ್ತದೆ, ದೊಡ್ಡದಾಗುತ್ತದೆ, ‘ವಾ’ ಎನ್ನುವುದಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಕೈ ತರಲಾರದು. ದ್ರವ್ಯದ ಮಟ್ಟಿಗೆ ನೋಡಿದರೆ ಅಭಿವ್ಯಕ್ತಿವಾದಿಯ ಪಕ್ಷವೇ ಇಲ್ಲಿ ಗಟ್ಟಿ. ಆದರೆ ರೀಡಿನ ಮೇಲುಸ್ವರಗಳೇ ನಿತ್ಯವಲ್ಲ. ಉಸಿರು ನಿಂತರೆ ಅವೂ ನಿಲ್ಲುತ್ತವೆ. ಬಿಗಿಯಾದ ಬೊಗಸೆಯೊಳಗಿನ ಒತ್ತಡ ರೀಡಿನ ಮೇಲೂ ತುಸು ತಿರುಗಿ ಎರಗುವುದರಿಂದ, ತೋರಿಸುವ ಕೈ ತಾನು ತೋರಿಸುವ ವಸ್ತುವನ್ನು ಸ್ವಲ್ಪ ಬದಲಿಸಿಯೂಬಿಡುತ್ತದೆ. ದೀಪ ಗಡಿಗೆಗೆ ಹಾಗೇನೂ ಮಾಡುವುದಿಲ್ಲ. ಆದ್ದರಿಂದ ಅಭಿವ್ಯಕ್ತಿ ಎಂಬ ಮಾತನ್ನು ಇಲ್ಲಿ ಒಪ್ಪಬಹುದು, ಅದರಿಂದ ನಿತ್ಯತ್ವಕ್ಕೆ ಜಿಗಿಯಲು ಬರುವುದಿಲ್ಲ. ಮೀಮಾಂಸಕರು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರು. ಬೊಗಸೆ ಆ ಗಂಟನ್ನು ಬಿಚ್ಚಿ ಎರಡನ್ನೂ ಬೇರೆ ಬೇರೆ ಇಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಅಮೆರಿಕದ ದಕ್ಷಿಣದ ಜಾನಪದ ವಾದಕರಲ್ಲಿತ್ತು. ಮಗು ತಾಯಿಯನ್ನು ಕರೆಯುವ ‘ಮಾಮಾ’ ಎಂಬ ಕೂಗನ್ನು ಅವರು ಹಾರ್ಮೋನಿಕಾದಿಂದ ಹೊರಡಿಸುತ್ತಿದ್ದರು. ಬೊಗಸೆ ಪೂರ್ತಿ ಮುಚ್ಚಿದ್ದಾಗ ‘ಮ’ಕಾರದ ತಡೆ, ತೆರೆದಾಗ ‘ಆ’ಕಾರ, ಮತ್ತೆ ಮುಚ್ಚಿ ತೆರೆದರೆ ಎರಡನೆಯ ‘ಮಾ’. ಅಲ್ಲಿ ತುಟಿಯ ಮಕಾರವಿಲ್ಲ, ಗಂಟಲಿನ ನಾದವಿಲ್ಲ, ಆದರೂ ಕೇಳಿದವರು ಆ ಪದವನ್ನೇ ಕೇಳುತ್ತಾರೆ. ಇದು ವರ್ಣವೋ, ಬರಿಯ ಧ್ವನಿಯೋ? ಮೀಮಾಂಸಕರು ಧ್ವನಿಯನ್ನು ಅನಿತ್ಯವೆಂದೂ ಅದು ವ್ಯಂಜಕ ಮಾತ್ರವೆಂದೂ ಒಪ್ಪುತ್ತಾರೆ, ನಿತ್ಯವಾದದ್ದು ಅದರಾಚೆಗಿನ ವರ್ಣ. ಆ ನಿತ್ಯತ್ವಕ್ಕೆ ಅವರ ಮುಖ್ಯ ಆಧಾರ ಪ್ರತ್ಯಭಿಜ್ಞೆ: ನಿನ್ನೆ ಕೇಳಿದ ‘ಗ’ಕಾರವೇ ಇದು ಎಂದು ಎಲ್ಲರೂ ಗುರುತಿಸುತ್ತಾರೆ, ಹುಟ್ಟಿ ಅಳಿದುಹೋದದ್ದಾದರೆ ಗುರುತಿಸುವುದು ಹೇಗೆ? ಹಾರ್ಮೋನಿಕಾದ ‘ಮಾಮಾ’ವನ್ನೂ ಜನ ಹಾಗೆಯೇ ಗುರುತಿಸುತ್ತಾರೆ. ಹಾಗಿದ್ದರೆ ಲೋಹ ಮತ್ತು ಅಂಗೈ ಸೇರಿಯೂ ಅದೇ ನಿತ್ಯವರ್ಣವನ್ನು ವ್ಯಕ್ತಪಡಿಸಿದವು ಎನ್ನಬೇಕು, ಇಲ್ಲವೇ ಗುರುತಿಸುವಿಕೆಗೆ ಸಾದೃಶ್ಯವೇ ಸಾಕು ಎಂಬ ನೈಯಾಯಿಕರ ಮಾತನ್ನು ಒಪ್ಪಬೇಕು. ಮೊದಲನೆಯದು ಅಸಾಧ್ಯವೇನಲ್ಲ. ಎರಡನೆಯದು ಹೆಚ್ಚು ಸಹಜ.

ವೈಯಾಕರಣ ಭರ್ತೃಹರಿಯ ದಾರಿ ಬೇರೆ. ‘ವಾಕ್ಯಪದೀಯ’ದಲ್ಲಿ ಅವನು ಎತ್ತಿದ ಸ್ಫೋಟತತ್ತ್ವದ ಪ್ರಕಾರ ಪದದ ಅರಿವು ಬಿಡಿ ಭಾಗಗಳನ್ನು ಕೂಡಿಸಿ ಬರುವುದಲ್ಲ, ಅಖಂಡವಾಗಿ ಒಮ್ಮೆಗೇ ಹೊಳೆಯುವುದು. ‘ವಾ’ ಎಂಬ ನಾದವನ್ನು ಕ್ಷಣಕ್ಷಣವಾಗಿ ಕತ್ತರಿಸಿ ನೋಡಿದರೆ ಯಾವ ತುಂಡಿನಲ್ಲೂ ‘ವಾ’ ಸಿಗುವುದಿಲ್ಲ. ಮೊದಲ ತುಂಡಿನಲ್ಲಿ ಮಂಕುಸ್ವರ, ಕೊನೆಯದರಲ್ಲಿ ಬೆಳಗಿದ ಸ್ವರ, ನಡುವೆ ಇವೆರಡರ ನಾನಾ ಪ್ರಮಾಣಗಳು. ಕೈಯನ್ನು ಯಾವುದೇ ಸ್ಥಿತಿಯಲ್ಲಿ ನಿಲ್ಲಿಸಿಬಿಟ್ಟರೆ ಮಾತು ಅಳಿದು ಬರಿಯ ಸ್ವರ ಉಳಿಯುತ್ತದೆ. ಕ್ಷಣಿಕವಾದಿ ಬೌದ್ಧರು ಇದನ್ನೇ ತಮ್ಮ ಪಕ್ಷಕ್ಕೆ ಎಳೆದುಕೊಳ್ಳುತ್ತಾರೆ: ಇರುವುದು ಕ್ಷಣಗಳು ಮಾತ್ರ, ಒಂದು ಎಂಬುದು ಮನಸ್ಸಿನ ಕಲ್ಪನೆ. ಕ್ಷಣಗಳ ಆಚೆಗೆ ಏನೂ ಇಲ್ಲವೆಂದರೆ ಆ ನಾದ ಎಲ್ಲ ಕೇಳುಗರಿಗೂ ‘ವಾ’ ಎಂದೇ ಏಕೆ ಕೇಳಬೇಕು ಎಂಬುದಕ್ಕೆ ಅವರ ಉತ್ತರ ತೃಪ್ತಿಕರವಲ್ಲ. ಚಲನೆಯ ಒಟ್ಟು ಆಕಾರವೇ ಇಲ್ಲಿ ಕೇಳುವ ವಸ್ತು ಎಂದು ಒಪ್ಪಿದರೆ ಭರ್ತೃಹರಿ ಹತ್ತಿರದವನಾಗುತ್ತಾನೆ.

ನಾದದ ಗಾತ್ರದ ಪ್ರಶ್ನೆಯನ್ನು ಜೈಮಿನಿಯೇ ನೇರವಾಗಿ ಎತ್ತಿಕೊಂಡಿದ್ದಾನೆ. ಹಲವರು ಕೂಡಿ ಹೇಳಿದಾಗ ಶಬ್ದ ಬೆಳೆಯುತ್ತದೆ, ಬೆಳೆಯುವ ವಸ್ತು ನಿತ್ಯವಾಗುವುದು ಹೇಗೆ ಎಂಬುದು ಪೂರ್ವಪಕ್ಷ. ಬೆಳೆದದ್ದು ನಾದವೇ ಹೊರತು ಶಬ್ದವಲ್ಲ ಎಂಬುದು ಸಿದ್ಧಾಂತ. 1920ರ ದಶಕದಲ್ಲಿ ನ್ಯಾಶ್‌ವಿಲ್‌ನ ರೇಡಿಯೋದಿಂದ ಪ್ರಸಿದ್ಧನಾದ ಕರಿಯ ವಾದಕ ಡಿಫೋರ್ಡ್ ಬೇಲಿ ತನ್ನ ‘ಪ್ಯಾನ್ ಅಮೆರಿಕನ್ ಬ್ಲೂಸ್’ನಲ್ಲಿ ರೈಲೊಂದನ್ನು ಓಡಿಸುತ್ತಾನೆ. ಇಂಥ ರೈಲಿನ ನುಡಿಸಾಣಿಕೆಯಲ್ಲಿ ಬೊಗಸೆ ಮುಚ್ಚಿದರೆ ರೈಲು ದೂರ, ತೆರೆದರೆ ಹತ್ತಿರ. ಹೊರಗಿನ ಬಯಲಿನಲ್ಲೂ ದೂರದ ಸದ್ದಿನ ಮೇಲಿನ ಕಂಪನಗಳು ಮೊದಲು ಸೋತು ತಗ್ಗಿನವು ಉಳಿಯುತ್ತವೆ. ಕಿವಿ ಆ ಮಂಕುತನವನ್ನು ಅಂತರವೆಂದು ಓದಿಕೊಳ್ಳುತ್ತದೆ. ಹೀಗೆ ಸ್ವರ ಬದಲಾಗದೆ ಅದರ ವೃದ್ಧಿ, ಕ್ಷಯ, ದೂರ, ಸಮೀಪಗಳೆಲ್ಲ ಬದಲಾಗುತ್ತವೆ. ಜೈಮಿನಿ ಮಾಡಿದ ವಿಂಗಡಣೆ ಇಲ್ಲಿ ಕಿವಿಗೇ ಸ್ಪಷ್ಟ.

ಮೈಕ್ ಬಂದ ಮೇಲೆ ಇದಕ್ಕೆ ಇನ್ನೊಂದು ತಿರುವು ಸಿಕ್ಕಿತು. ಲೂಯಿಸಿಯಾನಾದಲ್ಲಿ ಹುಟ್ಟಿ ಶಿಕಾಗೋದಲ್ಲಿ ಹೆಸರು ಮಾಡಿದ ಲಿಟಲ್ ವಾಲ್ಟರ್ ಮೈಕನ್ನು ಬೊಗಸೆಯ ಒಳಗೇ ಹಿಡಿದು ನುಡಿಸುತ್ತಿದ್ದ. 1952ರಲ್ಲಿ ಧ್ವನಿಮುದ್ರಣಗೊಂಡ ‘ಜೂಕ್’ ಆ ಹೊಸ ನಾದವನ್ನು ಮನೆಮನೆಗೆ ಮುಟ್ಟಿಸಿತು. ಮೈಕ್ ಒಳಗಿದ್ದಾಗ ಬೊಗಸೆ ಬಿಗಿದಷ್ಟೂ ಒತ್ತಡವೆಲ್ಲ ಅದರ ಮೇಲೆ ಬೀಳುತ್ತದೆ. ನಾದ ದಪ್ಪವಾಗಿ, ಜೋರಾಗಿ, ಆಂಪ್ಲಿಫೈಯರ್ ಸೀಳುವವರೆಗೆ ಏರುತ್ತದೆ. ಕೈ ತೆರೆದರೆ ತೆಳುವಾಗುತ್ತದೆ. ಮೈಕ್ ಇಲ್ಲದೆ ಎದುರು ಕೂತವನಿಗೆ ಕಡಿಮೆಯಾಗುವ ನಾದ ಮೈಕಿಗೆ ಹೆಚ್ಚಾಗುತ್ತದೆ, ಕೈಯ ಕ್ರಿಯೆ ಮಾತ್ರ ಒಂದೇ. ಹಾಗಾದರೆ ನಾದ ಬೆಳೆಯಿತೇ, ಕುಗ್ಗಿತೇ? ಕೇಳುವ ಕಿವಿ ಕೈಯ ಈಚೆಗಿದೆಯೋ ಆಚೆಗಿದೆಯೋ ಎಂದು ತಿಳಿಯದೆ ಉತ್ತರವಿಲ್ಲ. ವೃದ್ಧಿಯನ್ನು ಶಬ್ದದಿಂದ ಕಳಚಿ ನಾದಕ್ಕೆ ಕೊಟ್ಟರಷ್ಟೇ ಸಾಲದು, ನಾದದ ಜೊತೆಗೆ ಅದನ್ನು ಕೇಳುವ ಸ್ಥಾನವನ್ನೂ ಹೇಳಬೇಕಾಗುತ್ತದೆ.

ಶಬ್ದ ಸಾಗುವ ಬಗೆಯಲ್ಲಂತೂ ಈ ವಾದ್ಯ ನೈಯಾಯಿಕರ ಪರವಾಗಿ ತೀರ್ಪು ಕೊಡುತ್ತದೆ. ಬಾಯಿಂದ ಹೊರಟ ವಾಯುವೇ ಕಿವಿಯವರೆಗೆ ಹೋಗಿ ಶಬ್ದವನ್ನು ವ್ಯಕ್ತಪಡಿಸುತ್ತದೆ ಎಂಬುದು ಶಬರನ ನಿಲುವು. ನ್ಯಾಯ, ವೈಶೇಷಿಕರು ಹಾಗೆನ್ನದೆ ಒಂದು ಶಬ್ದ ಪಕ್ಕದಲ್ಲಿ ಇನ್ನೊಂದನ್ನು ಹುಟ್ಟಿಸುತ್ತ ಹೋಗುತ್ತದೆ ಎಂದರು. ನೀರಿನ ಅಲೆಯ ಮೇಲೆ ಅಲೆ ಏಳುವಂತೆ ಎಂಬ ವೀಚೀತರಂಗ ನ್ಯಾಯ, ಎಲ್ಲ ದಿಕ್ಕಿಗೂ ಒಮ್ಮೆಗೇ ಬಿರಿಯುವ ಕದಂಬದ ಮೊಗ್ಗಿನ ನ್ಯಾಯ, ಎರಡೂ ಅವರಲ್ಲಿವೆ. ಹಾರ್ಮೋನಿಕಾದಲ್ಲಿ ಉಸಿರೆಳೆದು ನುಡಿಸುವ ಸ್ವರಗಳಲ್ಲಿ ಗಾಳಿ ಬೊಗಸೆಯ ಕಡೆಯಿಂದ ಬಾಯಿಯೊಳಕ್ಕೆ ಹರಿಯುತ್ತದೆ. ನಾದವೋ ಅದೇ ಹೊತ್ತಿನಲ್ಲಿ ಬೊಗಸೆಯಿಂದ ಹೊರಕ್ಕೆ, ಕೇಳುಗರ ಕಡೆಗೆ ಹೋಗುತ್ತದೆ. ಗಾಳಿ ಒಂದು ದಿಕ್ಕಿಗೆ, ಶಬ್ದ ಅದರ ಎದುರು ದಿಕ್ಕಿಗೆ. ಬ್ಲೂಸ್ ವಾದಕರ ಮುಖ್ಯ ಸ್ವರಗಳು ಬಹುಮಟ್ಟಿಗೆ ಉಸಿರೆಳೆದು ನುಡಿಸುವಂಥವೇ ಆದ್ದರಿಂದ ಇದು ಎಲ್ಲೋ ಒಮ್ಮೆ ಎದುರಾಗುವ ಅಪವಾದವೂ ಅಲ್ಲ.

ಇನ್ನು ಖಾಲಿ ಜಾಗದ ಮಾತು. ವೈಶೇಷಿಕರಿಗೆ ಶಬ್ದ ಆಕಾಶದ ಗುಣ, ಕಿವಿ ಎಂದರೆ ಕಿವಿಯ ರಂಧ್ರದಲ್ಲಿ ಮಿತಿಗೊಂಡ ಆಕಾಶ. ಇಂದಿನ ಭೌತವಿಜ್ಞಾನ ಶಬ್ದವನ್ನು ಗಾಳಿಯ ಒತ್ತಡದ ಏರಿಳಿತ ಎನ್ನುತ್ತದೆ. ಗಾಳಿಯಿಲ್ಲದ ಬಯಲಿನಲ್ಲಿ ಅದು ಹಬ್ಬದು. ಆ ಮಟ್ಟಿಗೆ ಹಳೆಯ ಮಾತು ನಿಲ್ಲುವುದಿಲ್ಲ. ಆದರೆ ಮಿತಿಗೊಂಡ ಆಕಾಶ ಎಂಬ ಕಲ್ಪನೆ ಬೊಗಸೆಯಲ್ಲಿ ಅರ್ಥ ಉಳಿಸಿಕೊಂಡಿದೆ. ಗೌಡಪಾದರ ಕಾರಿಕೆಗಳ ಅದ್ವೈತಪ್ರಕರಣ ಘಟಾಕಾಶದ ದೃಷ್ಟಾಂತವನ್ನು ವಿಸ್ತಾರವಾಗಿ ಬೆಳೆಸುತ್ತದೆ: ಗಡಿಗೆಯೊಳಗಿನ ಆಕಾಶ ಹೊರಗಿನದಕ್ಕಿಂತ ಬೇರೆಯಲ್ಲ, ಗಡಿಗೆ ಒಡೆದರೆ ಏನೂ ಎಲ್ಲಿಗೂ ಹೋಗುವುದಿಲ್ಲ. ಕೆಲವು ವಾದಕರು ಕೈಗೆ ಬದಲಾಗಿ ಗಾಜಿನ ಲೋಟದ ಬಾಯಿಗೆ ವಾದ್ಯವನ್ನು ಹಿಡಿದು ನುಡಿಸುತ್ತಾರೆ. ಅಲ್ಲಿ ಈ ದೃಷ್ಟಾಂತ ಅಕ್ಷರಶಃ ಕಣ್ಣೆದುರಿಗೇ ಇರುತ್ತದೆ. ಲೋಟದ ನಾದ ಆಳವಾದದ್ದು, ಆದರೆ ಒಂದೇ ತೆರನದು. ಕೈಯ ಬೊಗಸೆ ಗಳಿಗೆಗೊಂದು ಆಕಾರ ತಾಳುವ ಗಡಿಗೆ. ಮಿತಿಯನ್ನು ಬರಿಯ ಭ್ರಮೆ ಎಂದು ತಳ್ಳಿಹಾಕುವವರು ಗೌಡಪಾದರನ್ನು ಪೂರ್ತಿ ಓದಿಲ್ಲ. ಆಕಾಶದಲ್ಲಿ ಭೇದವಿಲ್ಲ ಎನ್ನುವ ಅದೇ ಕಾರಿಕೆ, ರೂಪ, ಕಾರ್ಯ, ಹೆಸರುಗಳು ಅಲ್ಲಲ್ಲಿ ಬೇರೆಬೇರೆಯಾಗುತ್ತವೆ ಎಂದೂ ಹೇಳುತ್ತದೆ. ಬೊಗಸೆಯ ಹೊರಗೆ ಹರಡಿಕೊಂಡಿರುವ ಅಷ್ಟು ದೊಡ್ಡ ಬಯಲು ಮಾಡಲಾಗದ ಕೆಲಸವನ್ನು ಅಂಗೈ ನಡುವಿನ ಇಷ್ಟು ಬಯಲು ಮಾಡುವುದು ಆ ಕಾರ್ಯಭೇದದಿಂದ.

ಸಂಗೀತಶಾಸ್ತ್ರ ಈ ವಿಚಾರವನ್ನು ದೇಹದೊಳಗಿನಿಂದ ನೋಡಿತು. 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ, 15ನೇ ಶತಮಾನದ ವಿಜಯನಗರದಲ್ಲಿ ಕಲ್ಲಿನಾಥ ಅದಕ್ಕೆ ಬರೆದ ವ್ಯಾಖ್ಯಾನದಲ್ಲಿ, ನಾದ ಪ್ರಾಣ ಮತ್ತು ಅಗ್ನಿಗಳ ಸಂಯೋಗದಿಂದ ಹುಟ್ಟುತ್ತದೆ; ನಾಭಿ, ಹೃದಯ, ಕಂಠ, ಶಿರಸ್ಸು, ಮುಖ ಎಂಬ ಐದು ಸ್ಥಾನಗಳಲ್ಲಿ ಬೇರೆಬೇರೆ ರೂಪ ತಳೆಯುತ್ತದೆ. ಹಾರ್ಮೋನಿಕಾ ವಾದಕನಲ್ಲಿ ಮುಖದ ಮುಂದೆ ಆರನೆಯ ಸ್ಥಾನವೊಂದು ಸೇರುತ್ತದೆ. ಗಂಟಲು, ನಾಲಿಗೆಗಳೂ ಅವನ ನಾದವನ್ನು ತಿದ್ದುತ್ತವೆ, ಆದರೆ ಅವು ಕಣ್ಣಿಗೆ ಬೀಳದೆ ನಡೆಯುವ ಕೆಲಸಗಳು. ಕಾಣುವಂತೆ, ಬೇಕಾದಾಗ ಬೇಕಾದಷ್ಟು ಬದಲಿಸಬಲ್ಲಂತೆ ಇರುವುದು ಈ ಹೊರಗಿನ ಸ್ಥಾನ ಒಂದೇ. 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಅಂಧ ವಾದಕ ಸಾನಿ ಟೆರಿ ಸ್ವರಗಳ ನಡುನಡುವೆ ತನ್ನ ಗಂಟಲಿನ ಕೂಗನ್ನೂ ಬೆರೆಸುತ್ತಿದ್ದ. ಅವನ ಧ್ವನಿಮುದ್ರಣಗಳಲ್ಲಿ ಕೂಗು ಎಲ್ಲಿ ನಿಂತು ಬೊಗಸೆ ಎಲ್ಲಿ ಮಾತು ಎತ್ತಿಕೊಂಡಿತು ಎಂದು ಬಿಡಿಸಿ ಹೇಳುವುದು ಹಲವೆಡೆ ಕಷ್ಟ. ಅಂಗೈಯ ಅಗಲ, ಬೆರಳುಗಳ ಉದ್ದ, ಮಾಂಸದ ದಪ್ಪ ಒಬ್ಬೊಬ್ಬರದು ಒಂದೊಂದು ಥರ. ಅದರಿಂದ ಒಳಗಿನ ಟೊಳ್ಳೂ ಅದರ ಕಂಪನವೂ ಬೇರೆ. ಒಂದೇ ಕಾರ್ಖಾನೆಯ ಒಂದೇ ಶ್ರುತಿಯ ವಾದ್ಯವನ್ನು ಇಬ್ಬರು ಒಂದೇ ಬಲದಲ್ಲಿ ನುಡಿಸಿದರೂ ಯಾರು ನುಡಿಸಿದ್ದೆಂದು ಬಲ್ಲವರು ಗುರುತಿಸುವುದರಲ್ಲಿ ಈ ಟೊಳ್ಳಿನ ಪಾಲೂ ಇದೆ.